ಬೇಲಿಯೇ ಎದ್ದು ಹೊಲ ಮೇಯ್ದರೆ? – ಅಜ್ಜಿಯ ಕೆಮ್ಮಿನ ಒಳಗುಟ್ಟು

ಅಜ್ಜಿ ಕೆಮ್ಮುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಒಂದಷ್ಟು ಹೊತ್ತು, ಮಳೆ ಹಿಡಿದರೆ ಇನ್ನಷ್ಟು ಹೊತ್ತು. ‘ಡಾಕ್ಟರ ಹತ್ತಿರ ಹೋಗೋಣವಾ?’ ಎಂದು ಕೇಳಿದರೆ ‘ಬೇಡ ಮಗಾ, ಇದು ಪ್ರಾಯದ ಕೆಮ್ಮು’ ಎನ್ನುತ್ತಾರೆ. ಅಜ್ಜ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿದುಕೊಳ್ಳುತ್ತಾರೆ. ಕೇಳಿದರೆ ಅವರದೂ ಅದೇ ಉತ್ತರ: ‘ಪ್ರಾಯ ಆಯಿತಲ್ಲ!’

ಮಕ್ಕಳೇ, ಪ್ರಾಯಕ್ಕೆ ಕೂದಲು ನರೆಯುತ್ತದೆ, ಚರ್ಮ ಸುಕ್ಕಾಗುತ್ತದೆ, ನಡಿಗೆ ನಿಧಾನವಾಗುತ್ತದೆ. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಕೆಮ್ಮು ಪ್ರಾಯದ ಬಳುವಳಿಯಲ್ಲ. ಅದಕ್ಕೊಂದು ಕಾರಣವಿದೆ, ಒಂದು ಹೆಸರೂ ಇದೆ. ಆ ಕಾರಣದ ಹಿಂದಿರುವ ಕತೆ ಪತ್ತೇದಾರಿ ಕತೆಯಷ್ಟೇ ಸ್ವಾರಸ್ಯವಾದದ್ದು. ಇದರಲ್ಲಿ ಕಾವಲುಗಾರರಿದ್ದಾರೆ, ಕತ್ತಿಗಳಿವೆ, ಇಲಿಬೋನಿದೆ. ಪಪ್ಪಾಯಿ ಹಣ್ಣೂ ಇದೆ!

ಮಂಗಳೂರಿನ ಕಂಕನಾಡಿ ಎಂದರೆ ಸುತ್ತಮುತ್ತಲಿನ ಊರುಗಳ ಹಿರಿಯರಿಗೆ ಮೊದಲು ನೆನಪಾಗುವುದು ಫಾದರ್ ಮುಲ್ಲರ್ ಆಸ್ಪತ್ರೆ. 1880ರಲ್ಲಿ ಜರ್ಮನಿ ಮೂಲದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು ಆಲದ ಮರವೊಂದರ ಕೆಳಗೆ ರೋಗಿಗಳಿಗೆ ಔಷಧ ಕೊಡಲು ತೊಡಗಿದರು. ಅದೇ ಬೆಳೆದು ದೊಡ್ಡ ಆಸ್ಪತ್ರೆಯಾಯಿತು, ಮುಂದೆ ವೈದ್ಯಕೀಯ ಕಾಲೇಜೂ ಆಯಿತು. ಇಂಥ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದ ಮುಂದೆ ಕುಳಿತಿರುವ ಅಜ್ಜ ಅಜ್ಜಿಯರ ಚೀಟಿಯಲ್ಲಿ ಮತ್ತೆ ಮತ್ತೆ ಕಾಣುವ ನಾಲ್ಕಕ್ಷರ ‘ಸಿಒಪಿಡಿ’. ಕನ್ನಡದಲ್ಲಿ ಹೇಳುವುದಾದರೆ, ಉಸಿರಿನ ದಾರಿಯನ್ನು ಮೆಲ್ಲಮೆಲ್ಲನೆ ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ತೀರಿಕೊಂಡರು. ಸಾವಿನ ಕಾರಣಗಳ ಪಟ್ಟಿಯಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ.

ಇಷ್ಟು ದೊಡ್ಡ ಕಾಯಿಲೆಗೆ ಹೊಗೆ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಶ್ವಾಸಕೋಶವನ್ನು ಹಾಳುಮಾಡುವುದು ಹೊಗೆಯೊಂದೇ ಅಲ್ಲ. ನಮ್ಮನ್ನು ಕಾಯಬೇಕಾದ ನಮ್ಮದೇ ರಕ್ಷಕ ಕಣಗಳೂ ಅದರಲ್ಲಿ ಪಾಲು ಪಡೆಯುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಎದೆಯೊಳಗಿನ 48 ಕೋಟಿ ಕೋಣೆಗಳು

ಮೊದಲು ಹೊಲವನ್ನು ನೋಡೋಣ. ಮೂಗಿನಿಂದ ಒಳಗೆ ಹೋದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳ ಎರಡಾಗಿ, ಎರಡು ನಾಲ್ಕಾಗಿ, ತಲೆಕೆಳಗಾದ ಮರದ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಕೊನೆಯ ಕವಲುಗಳ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಪುಟ್ಟ ಪುಟ್ಟ ಗಾಳಿಚೀಲಗಳು. ಒಬ್ಬ ದೊಡ್ಡವರ ಎದೆಯಲ್ಲಿ ಇಂಥವು ಸರಾಸರಿ 48 ಕೋಟಿ ಇವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ ಒಂದು ಬ್ಯಾಡ್ಮಿಂಟನ್ ಅಂಗಣದಷ್ಟು ಜಾಗ ಬೇಕು. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಇಲ್ಲಿಗೆ ಬಂದು ಹೋಗುತ್ತದೆ.

ಈ ಚೀಲಗಳ ಗೋಡೆಯಲ್ಲಿ ‘ಇಲಾಸ್ಟಿನ್’ ಎಂಬ ಪ್ರೊಟೀನಿನ ಎಳೆಗಳಿವೆ. ಚಡ್ಡಿಯ ಸೊಂಟದಲ್ಲಿ ಇಲಾಸ್ಟಿಕ್ ಇರುತ್ತದಲ್ಲ, ಹಾಗೆ. ಉಸಿರು ಒಳಗೆ ಬಂದಾಗ ಎಳೆಗಳು ಹಿಗ್ಗುತ್ತವೆ. ಬಿಟ್ಟಾಗ ತಾವಾಗಿಯೇ ಕುಗ್ಗಿ ಗಾಳಿಯನ್ನು ಹೊರಗೆ ತಳ್ಳುತ್ತವೆ. ಉಸಿರು ಬಿಡಲು ನಾವು ಕಷ್ಟಪಡಬೇಕಾಗಿಲ್ಲದಿರುವುದು ಈ ಎಳೆಗಳಿಂದಾಗಿ. ಚಡ್ಡಿಯ ಇಲಾಸ್ಟಿಕ್ ಸಡಿಲವಾದರೆ ಹೊಸದು ಹಾಕಿಸಬಹುದು. ಎದೆಯೊಳಗಿನದು ಒಮ್ಮೆ ತುಂಡಾದರೆ ದೊಡ್ಡವರಲ್ಲಿ ಅದು ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. ಈ ಮಾತನ್ನು ನೆನಪಿಡಿ.

ಗುಲಾಬಿ ಮುಳ್ಳು ತೋರಿಸಿದ ಕಾವಲುಗಾರರು

ಇನ್ನು ಬೇಲಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ತೋಟದ ಗುಲಾಬಿ ಮುಳ್ಳನ್ನು ಚುಚ್ಚಿದರು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೀನಿನ ಮೈಯೊಳಗೆ ಓಡಾಡುವ ಕಣಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ರಕ್ಷಕ ಕಣಗಳು ನಮ್ಮೊಳಗೇ ಇವೆ ಎಂಬ ತಿಳಿವಳಿಕೆಗೆ ಅದೇ ಬುನಾದಿ. 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಗಾಳಿಚೀಲಗಳಲ್ಲಿ ಇಂಥ ಎರಡು ಬಗೆಯ ಕಾವಲುಗಾರರು ಮುಖ್ಯ. ಒಂದು, ಅಲ್ಲೇ ಮನೆ ಮಾಡಿಕೊಂಡಿರುವ ‘ಮ್ಯಾಕ್ರೋಫೇಜ್’. ಇದು ಗುಡಿಸುವ ಕೆಲಸದ್ದು. ಧೂಳು, ಮಸಿ, ರೋಗಾಣು ಏನು ಸಿಕ್ಕಿದರೂ ನುಂಗುತ್ತದೆ. ಇನ್ನೊಂದು, ರಕ್ತದಲ್ಲಿ ಗಸ್ತು ತಿರುಗುವ ‘ನ್ಯೂಟ್ರೋಫಿಲ್’. ಗಲಾಟೆಯ ಸುದ್ದಿ ಸಿಕ್ಕ ಕೂಡಲೇ ರಕ್ತನಾಳದಿಂದ ನುಸುಳಿ ಬರುವ ಸಿಪಾಯಿ ಇದು. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ.

ಸಿಪಾಯಿಯ ಬಳಿ ಆಯುಧ ಇರಬೇಕಲ್ಲ? ನ್ಯೂಟ್ರೋಫಿಲ್‌ನ ಹೊಟ್ಟೆಯಲ್ಲಿರುವ ಸಣ್ಣ ಚೀಲಗಳಲ್ಲಿ ‘ಇಲಾಸ್ಟೇಸ್’ ಎಂಬ ಕತ್ತಿಯಿದೆ. ಅದೂ ಒಂದು ಪ್ರೊಟೀನೇ. ಬೇರೆ ಪ್ರೊಟೀನುಗಳನ್ನು ಕತ್ತರಿಸುವ ಪ್ರೊಟೀನು. ರೋಗಾಣುವಿನ ಕವಚವನ್ನು ಅದು ಸೀಳಿ ಹಾಕುತ್ತದೆ. ತೊಂದರೆ ಏನೆಂದರೆ, ಕತ್ತಿಗೆ ಕಣ್ಣಿಲ್ಲ. ರೋಗಾಣು ಯಾವುದು, ಗಾಳಿಚೀಲದ ಇಲಾಸ್ಟಿನ್ ಎಳೆ ಯಾವುದು ಎಂಬ ಭೇದ ಅದಕ್ಕೆ ತಿಳಿಯದು.

ಪಪ್ಪಾಯಿ ಹೇಳಿದ ಗುಟ್ಟು

ಗಟ್ಟಿ ಮಾಂಸ ಬೇಗ ಬೇಯಲೆಂದು ಅದಕ್ಕೆ ಎಳೆ ಪಪ್ಪಾಯಿಯ ತುಂಡು ಹಾಕುವುದನ್ನು ಅಡುಗೆ ಮಾಡುವವರು ಬಲ್ಲರು. ಪಪ್ಪಾಯಿಯ ಹಾಲಿನಲ್ಲಿ ‘ಪಪೇಯ್ನ್’ ಎಂಬ ಪ್ರೊಟೀನು ಇದೆ. ಅದು ಮಾಂಸದ ಎಳೆಗಳನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. 1960ರ ದಶಕದಲ್ಲಿ ಅಮೆರಿಕದ ಪಾಲ್ ಗ್ರಾಸ್ ಮತ್ತು ಜೊತೆಗಾರರು ಇದೇ ಪಪೇಯ್ನನ್ನು ಇಲಿಗಳ ಶ್ವಾಸಕೋಶಕ್ಕೆ ಹಾಕಿ ನೋಡಿದರು. ಗಾಳಿಚೀಲಗಳ ಗೋಡೆ ಹರಿದು, ಹತ್ತಾರು ಪುಟ್ಟ ಕೋಣೆಗಳು ಸೇರಿ ಒಂದೊಂದು ದೊಡ್ಡ ಪೊಳ್ಳಾಗಿಬಿಟ್ಟಿತ್ತು. ಸಿಒಪಿಡಿ ಇರುವ ಎಷ್ಟೋ ಜನರ ಶ್ವಾಸಕೋಶದಲ್ಲಿ ಕಾಣುವುದೂ ಇಂಥ ಪೊಳ್ಳುಗಳೇ. ವೈದ್ಯರು ಇದಕ್ಕೆ ‘ಎಂಫಿಸೀಮಾ’ ಎನ್ನುತ್ತಾರೆ.

ಒಂದು ವಿಷಯ ಸ್ಪಷ್ಟವಾಯಿತು. ಪ್ರೊಟೀನು ಕತ್ತರಿಸುವ ಕತ್ತಿ ಎದೆಯೊಳಗೆ ಹಿಡಿತ ತಪ್ಪಿದರೆ ಗಾಳಿಚೀಲ ಉಳಿಯದು. (ಹೆದರಬೇಡಿ, ಪಪ್ಪಾಯಿ ತಿಂದರೆ ಅದು ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ!)

ಹಾಗಾದರೆ ದಿನವೂ ಕತ್ತಿ ಹಿಡಿದು ತಿರುಗುವ ಕೋಟಿ ಕೋಟಿ ಸಿಪಾಯಿಗಳಿದ್ದೂ ನಮ್ಮೆಲ್ಲರ ಎದೆ ಹರಿದುಹೋಗದಿರುವುದು ಹೇಗೆ?

ಮಾಲ್ಮೋದ ಕಾಣೆಯಾದ ಗೆರೆ

ಉತ್ತರ ಸಿಕ್ಕಿದ್ದು 1963ರಲ್ಲಿ, ಸ್ವೀಡನ್ ದೇಶದ ಮಾಲ್ಮೋ ಪಟ್ಟಣದ ಆಸ್ಪತ್ರೆಯಲ್ಲಿ. ಅಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಎಂಬವರು ರೋಗಿಗಳ ರಕ್ತದ ಪ್ರೊಟೀನುಗಳನ್ನು ಕಾಗದದ ಮೇಲೆ ಗೆರೆಗೆರೆಯಾಗಿ ಬೇರ್ಪಡಿಸಿ ಪರೀಕ್ಷಿಸುತ್ತಿದ್ದರು. ಸುಮಾರು 1,500 ಮಾದರಿಗಳಲ್ಲಿ ಐದರಲ್ಲಿ ಮಾತ್ರ ಒಂದು ಗೆರೆ ಕಾಣೆಯಾಗಿತ್ತು. ಬೇರೆಯವರಾಗಿದ್ದರೆ ‘ಏನೋ ಪರೀಕ್ಷೆ ಕೆಟ್ಟಿರಬೇಕು’ ಎಂದು ಬಿಟ್ಟುಬಿಡುತ್ತಿದ್ದರೋ ಏನೋ. ಲಾರೆಲ್ ಬಿಡಲಿಲ್ಲ. ಸ್ಟೆನ್ ಎರಿಕ್ಸನ್ ಎಂಬ ಯುವ ವೈದ್ಯರ ಜೊತೆ ಸೇರಿ ಆ ಐವರ ವಿವರ ಹುಡುಕಿದರು. ಐವರಲ್ಲಿ ಮೂವರಿಗೆ ಎಂಫಿಸೀಮಾ ಇತ್ತು!

ಕಾಣೆಯಾಗಿದ್ದ ಪ್ರೊಟೀನಿನ ಹೆಸರು ‘ಆಲ್ಫಾ-1 ಆಂಟಿಟ್ರಿಪ್ಸಿನ್’. ನಾವು ಅದನ್ನು ಇಲಿಬೋನು ಎಂದು ಕರೆಯೋಣ. ಯಕೃತ್ತು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಲ್ಲಿಂದ ಅದು ಶ್ವಾಸಕೋಶಕ್ಕೆ ಬರುತ್ತದೆ. 394 ಮಣಿಗಳನ್ನು ಪೋಣಿಸಿ ಸುತ್ತಿಟ್ಟ ಸರದಂತಿದೆ ಇದರ ರಚನೆ. ಅದರಲ್ಲಿ 358ನೆಯ ಮಣಿಯೇ ಬೋನಿನೊಳಗಿನ ಕೊಬ್ಬರಿ ಚೂರು. ದಾರಿತಪ್ಪಿದ ಇಲಾಸ್ಟೇಸ್ ಕತ್ತಿ ಬಂದು ಆ ಜಾಗವನ್ನು ಕಚ್ಚುತ್ತದೆ. ಕಚ್ಚಿದ್ದೇ ತಡ, ಬೋನು ಟಪ್ಪನೆ ಮುಚ್ಚಿಕೊಳ್ಳುತ್ತದೆ. ಕತ್ತಿ ಸಿಕ್ಕಿಬಿದ್ದು ಮೊಂಡಾಗುತ್ತದೆ. ಕಾವಲುಗಾರನೂ ಇರಬೇಕು, ಅವನ ಕೈ ಹಿಡಿಯುವವನೂ ಇರಬೇಕು. ಎರಡರ ಸಮತೋಲವೇ ಆರೋಗ್ಯ.

ಮಾಲ್ಮೋದ ಆ ರೋಗಿಗಳಲ್ಲಿ ಬೋನಿನ ಕೊರತೆ ಹುಟ್ಟಿನಿಂದಲೇ ಬಂದದ್ದು. ನಮ್ಮಲ್ಲಿ ಅದು ಅಪರೂಪ. ಆದರೆ ಹುಟ್ಟುವಾಗ ಚೆನ್ನಾಗಿಯೇ ಇದ್ದ ಬೋನನ್ನು ಆಮೇಲೆ ಹಾಳುಮಾಡುವ ಒಂದು ವಸ್ತುವಿದೆ. ಅದೇ ಹೊಗೆ. ಹೊಗೆಯಲ್ಲಿರುವ ರಾಸಾಯನಿಕಗಳು ಆ 358ನೆಯ ಮಣಿಗೆ ತುಕ್ಕು ಹಿಡಿಸಿದಂತೆ ಮಾಡುತ್ತವೆ. ಬೋನು ಇದ್ದಲ್ಲೇ ಇರುತ್ತದೆ, ಒಳಗಿನ ಕೊಬ್ಬರಿ ಕೆಟ್ಟಿರುತ್ತದೆ. ಕತ್ತಿಗಳು ಬೋನಿಗೆ ಬೀಳದೆ ಅಡ್ಡಾಡತೊಡಗುತ್ತವೆ.

ಗಂಟೆ ನಿಲ್ಲದ ಠಾಣೆ

ಹೊಗೆ ಮಾಡುವ ಇನ್ನೊಂದು ಕಿತಾಪತಿ ಮ್ಯಾಕ್ರೋಫೇಜ್‌ನ ಒಳಗೆ ನಡೆಯುತ್ತದೆ. ಅಲ್ಲೊಂದು ಅಪಾಯದ ಗಂಟೆಯಿದೆ. ಅದರ ಹೆಸರು ‘ಎನ್‌ಎಫ್-ಕಪ್ಪಾ-ಬಿ’. 1986ರಲ್ಲಿ ಅಮೆರಿಕದಲ್ಲಿ ಇದನ್ನು ಕಂಡುಹಿಡಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಎಂದಿನ ದಿನಗಳಲ್ಲಿ ಇನ್ನೊಂದು ಪ್ರೊಟೀನು ಈ ಗಂಟೆಯ ನಾಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ರೋಗಾಣು ಬಂದಾಗ ಹಿಡಿದ ಕೈ ಕರಗಿಹೋಗುತ್ತದೆ, ಗಂಟೆ ಬಾರಿಸುತ್ತದೆ, ‘ಸಿಪಾಯಿಗಳೇ ಬನ್ನಿ’ ಎಂಬ ಕರೆ ರಕ್ತಕ್ಕೆ ಹೋಗುತ್ತದೆ.

ಇಲ್ಲಿರುವ ಜಾಣತನ ನೋಡಿ. ಗಂಟೆ ಬಾರಿಸಿದಾಗ ತಯಾರಾಗುವ ಪ್ರೊಟೀನುಗಳಲ್ಲಿ ಆ ಗಂಟೆಯನ್ನೇ ಹಿಡಿದು ನಿಲ್ಲಿಸುವ ಪ್ರೊಟೀನೂ ಸೇರಿದೆ! ಅಂದರೆ ‘ಏಳಿ’ ಎಂಬ ಆಜ್ಞೆಯ ಬೆನ್ನಲ್ಲೇ ‘ಸಾಕು, ಮಲಗಿ’ ಎಂಬ ಆಜ್ಞೆಯೂ ಹೊರಡುತ್ತದೆ. ನೆಗಡಿ ಬಂದು ವಾರದಲ್ಲಿ ಹೋಗುವುದಕ್ಕೆ ಇಂಥ ಏರ್ಪಾಡುಗಳೇ ಕಾರಣ.

ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ ಹೊಗೆ ಬರುತ್ತಲೇ ಇದ್ದರೆ? ಒಂದು ಗಂಟೆ ಅಡಗುವ ಮೊದಲೇ ಇನ್ನೊಂದು ಬಾರಿಸುತ್ತದೆ. ಸಿಪಾಯಿಗಳು ಬರುತ್ತಲೇ ಇರುತ್ತಾರೆ, ಕತ್ತಿ ಬೀಸುತ್ತಲೇ ಇರುತ್ತಾರೆ. ಮ್ಯಾಕ್ರೋಫೇಜ್ ಕೂಡ ತನ್ನದೇ ಕತ್ತಿಯೊಂದನ್ನು ಹೊರಗೆ ಸುರಿಯುತ್ತದೆ. 1997ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಒಂದು ಕತ್ತಿ ಇಲ್ಲದ ಇಲಿಗಳನ್ನು ತಿಂಗಳುಗಟ್ಟಲೆ ಸಿಗರೇಟು ಹೊಗೆಯಲ್ಲಿಟ್ಟು ನೋಡಿದರು. ಅವುಗಳಿಗೆ ಎಂಫಿಸೀಮಾ ಬರಲಿಲ್ಲ! ಹೊಗೆ ಅಷ್ಟೇ ಇತ್ತು, ಕತ್ತಿ ಮಾತ್ರ ಇರಲಿಲ್ಲ. ಮನುಷ್ಯರ ಕಾಯಿಲೆ ಇಷ್ಟು ಸರಳವಲ್ಲ, ನಿಜ. ಆದರೂ ಬೇಲಿಯೇ ಹೊಲ ಮೇಯುತ್ತದೆ ಎಂಬುದಕ್ಕೆ ಇದೊಂದು ಗಟ್ಟಿ ಸಾಕ್ಷಿ.

ಅಜ್ಜ ಅಜ್ಜಿಯರು ತಿಳಿದಿರಬೇಕಾದ ಮಾತು ಇನ್ನೊಂದಿದೆ. ಅಸ್ತಮಾ ಇರುವ ಪಕ್ಕದ ಮನೆಯವರಿಗೆ ಸ್ಟೀರಾಯ್ಡ್ ಇನ್‌ಹೇಲರ್‌ನಿಂದ ತುಂಬ ಗುಣ ಕಂಡಿತೆಂದು ಅದನ್ನೇ ತರಿಸಿಕೊಳ್ಳುವವರಿದ್ದಾರೆ. ಈ ಔಷಧ ಕಣದೊಳಗಿನ ‘ಎಚ್‌ಡಿಎಸಿ-2’ ಎಂಬ ಪ್ರೊಟೀನಿನ ನೆರವಿನಿಂದ ಗಂಟೆಯ ಸದ್ದಡಗಿಸುತ್ತದೆ. ಸಿಒಪಿಡಿ ಇರುವವರ ಶ್ವಾಸಕೋಶದಲ್ಲಿ ಆ ಪ್ರೊಟೀನು ಕಡಿಮೆಯಾಗಿರುತ್ತದೆ ಎಂದು ಲಂಡನ್ನಿನ ಪೀಟರ್ ಬಾರ್ನ್ಸ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆದ್ದರಿಂದ ಅದೇ ಔಷಧ ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಎರಡೂ ಉಬ್ಬಸವೇ ಆದರೂ ಕಾಯಿಲೆ ಬೇರೆ, ಮದ್ದು ಬೇರೆ. ಯಾರಿಗೆ ಯಾವುದು ಎಂದು ವೈದ್ಯರೇ ಹೇಳಬೇಕು.

ಬೀಡಿ ಸೇದದ ಅಜ್ಜಿಗೆ ಏಕೆ?

‘ಅಜ್ಜ ಬೀಡಿ ಸೇದುತ್ತಿದ್ದರು, ಸರಿ. ಅಜ್ಜಿ ಒಂದು ದಿನವೂ ಮುಟ್ಟಿಲ್ಲವಲ್ಲ?’ ಎಂದು ನೀವು ಕೇಳಬಹುದು. ಅಜ್ಜಿಯ ಹೊಗೆ ಬಂದದ್ದು ಒಲೆಯಿಂದ.

ನಮ್ಮ ಕರಾವಳಿಯ ಹಳೆಯ ಅಡುಗೆಮನೆಯನ್ನು ನೆನೆಯಿರಿ. ಉರಿಸಲು ಸೌದೆ, ತೆಂಗಿನ ಮಡಲು, ಸಿಪ್ಪೆ, ಗೆರಟೆ. ಬೇಯಬೇಕಾದ್ದು ಕುಚ್ಚಲಕ್ಕಿ, ಅದು ಬೆಳ್ತಿಗೆಯಂತೆ ಬೇಗ ಬೇಯುವುದಿಲ್ಲ. ಮಳೆಗಾಲದಲ್ಲಿ ಸೌದೆ ಹಸಿಯಾದರೆ ಉರಿಗಿಂತ ಹೊಗೆಯೇ ಹೆಚ್ಚು. ಊದುಗೊಳವೆ ಹಿಡಿದು ಊದುತ್ತಾ, ಕಣ್ಣೀರು ಒರೆಸುತ್ತಾ ಮನೆಮಂದಿಗೆಲ್ಲ ಗಂಜಿ ಬಡಿಸಿದವರು ಅಜ್ಜಿ. ಅದಾದ ಮೇಲೆ ಬಚ್ಚಲಿನ ಹಂಡೆಗೆ ಬೆಂಕಿ ಬೇರೆ.

ಈ ಹೊಗೆಯನ್ನು ಲೆಕ್ಕಕ್ಕೆ ತಂದ ಅಧ್ಯಯನವೊಂದು ನಮ್ಮ ರಾಜ್ಯದಲ್ಲೇ ನಡೆದಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನ ಮಾಡದ ಹೆಂಗಸರನ್ನು ಪರೀಕ್ಷಿಸಿದರು. ಅವರು ಬಳಸಿದ ಲೆಕ್ಕವನ್ನು ಮೂರನೆಯ ಇಯತ್ತೆಯ ಮಕ್ಕಳೂ ಮಾಡಬಹುದು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಇದ್ದರು, ಹಾಗೆ ಎಷ್ಟು ವರ್ಷ ಕಳೆದರು ಎಂಬೆರಡನ್ನು ಗುಣಿಸುವುದು. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಗುಣಲಬ್ಧ 60 ತಲುಪಿದರೆ ದೀರ್ಘಕಾಲದ ಕಫ ಕೆಮ್ಮಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಎಂದರೆ 60 ಆಗಿಯೇ ಹೋಯಿತು!

ಒಲೆಯ ಹೊಗೆ ಕಡಿಮೆ ಮಾಡಲು ಕರ್ನಾಟಕದಲ್ಲಿ ಹಳೆಯ ಪ್ರಯತ್ನವೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಕಡಿಮೆ ಸೌದೆ ಬೇಡುವ, ಚಿಮಣಿಯಿಂದ ಹೊಗೆಯನ್ನು ಹೊರಗೆ ಕಳಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಆಮೇಲೆ ಗ್ಯಾಸ್ ಬಂತು. 2016ರ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಸಿಲಿಂಡರ್ ಬಂತು. ಆದರೆ ‘ಗ್ಯಾಸ್ ಚಹಾಕ್ಕೆ, ಕುಚ್ಚಲಕ್ಕಿಗೆ ಸೌದೆ’ ಎನ್ನುವ ಮನೆಗಳು ಇವತ್ತಿಗೂ ಇವೆ. ಅಲ್ಲಿ ಗಂಟೆ ಇನ್ನೂ ಬಾರಿಸುತ್ತಲೇ ಇದೆ.

ಈಗ ಏನು ಮಾಡಬಹುದು?

‘ಎಲ್ಲ ಮುಗಿದ ಮೇಲೆ ಇನ್ನೇನು’ ಎಂದು ಹಿರಿಯರು ನಿಟ್ಟುಸಿರು ಬಿಡಬೇಕಾಗಿಲ್ಲ. 1977ರಲ್ಲಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಎಂಬವರು ಲಂಡನ್ನಿನ 792 ಮಂದಿ ದುಡಿಯುವ ಗಂಡಸರ ಉಸಿರನ್ನು ಎಂಟು ವರ್ಷ ಅಳೆದು ಪ್ರಕಟಿಸಿದ ಫಲಿತಾಂಶ ಹೀಗಿದೆ: ಸಿಗರೇಟು ಬಿಟ್ಟವರಿಗೆ ಕಳೆದುಹೋದ ಉಸಿರು ಹಿಂದಕ್ಕೆ ಬರಲಿಲ್ಲ. ಆದರೆ ಮುಂದಿನ ಸವೆತ ನಿಧಾನವಾಗಿ, ಎಂದೂ ಸೇದದವರ ಮಟ್ಟಕ್ಕೆ ಬಂತು. ಅರವತ್ತರಲ್ಲಿ ಬಿಟ್ಟರೂ ಲಾಭವೇ. ಹೊಗೆ ನಿಂತ ಕೂಡಲೇ ಗಂಟೆ ಪೂರ್ತಿ ಮೌನವಾಗುವುದಿಲ್ಲ, ಆದರೆ ಬೋನುಗಳಿಗೆ ಹೊಸದಾಗಿ ತುಕ್ಕು ಹಿಡಿಯುವುದು ನಿಲ್ಲುತ್ತದೆ.

ಎರಡು ತಿಂಗಳು ದಾಟಿದ ಕೆಮ್ಮು, ಬೆಳಗಿನ ಕಫ, ನಡೆದರೆ ಏದುಸಿರು – ಇವುಗಳಲ್ಲಿ ಯಾವುದಿದ್ದರೂ ಒಮ್ಮೆ ‘ಸ್ಪೈರೋಮೆಟ್ರಿ’ ಮಾಡಿಸಿ. ಸೂಜಿಯಿಲ್ಲ, ನೋವಿಲ್ಲ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದಬೇಕು, ಅಷ್ಟೇ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಪಾಲು ಹೊರಬಂತು ಎಂದು ಯಂತ್ರ ಹೇಳುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅದು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ದಾರಿ ಕಟ್ಟಿದೆ ಎಂದರ್ಥ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆಯನ್ನೂ ತಪ್ಪಿಸಬಾರದು.

ಶ್ವಾಸನಾಳ ಹಿಗ್ಗಿಸುವ ಇನ್‌ಹೇಲರ್‌ಗಳು, ಫ್ಲೂ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಗಳು, ದಿನವೂ ಒಂದಿಷ್ಟು ನಡಿಗೆ ಇವೆಲ್ಲ ವೈದ್ಯರು ಹೇಳುವ ದಾರಿಗಳು. ಸುಸ್ತಾದಾಗ ಮೂಗಿನಿಂದ ಉಸಿರೆಳೆದು, ಕೊಳಲೂದುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡುವುದೂ ಆರಾಮ ಕೊಡುತ್ತದೆ. ರಕ್ಷಕ ಕಣಗಳಿಗೆ ತಲುಪುವ ತಪ್ಪು ಕರೆಗಳನ್ನೇ ತಡೆಯುವ ಚುಚ್ಚುಮದ್ದುಗಳೂ ಈಗ ಬರುತ್ತಿವೆ. ‘ಡ್ಯುಪಿಲುಮ್ಯಾಬ್’ ಎಂಬುದಕ್ಕೆ 2024ರಲ್ಲಿ ಯೂರೋಪ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಎಲ್ಲರಿಗಲ್ಲ, ರಕ್ತದಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಹೆಚ್ಚಿರುವ ಕೆಲವರಿಗೆ ಮಾತ್ರ. ಇನ್ನು, ತುಟಿ ನೀಲಿಯಾದರೆ ಅಥವಾ ಒಂದು ವಾಕ್ಯ ಪೂರ್ತಿ ಮಾಡಲೂ ಉಸಿರು ಸಾಲದಿದ್ದರೆ ಕಾಯಬಾರದು, ಕೂಡಲೇ ಆಸ್ಪತ್ರೆಗೆ.

ಮಕ್ಕಳೇ, ನಿಮ್ಮ ಶ್ವಾಸಕೋಶ ಇಪ್ಪತ್ತರ ಪ್ರಾಯ ದಾಟುವವರೆಗೂ ಬೆಳೆಯುತ್ತಲೇ ಇರುತ್ತದೆ. ಎಳವೆಯಲ್ಲಿ ಹೊಗೆ ಕುಡಿದರೆ ಆ ಬೆಳವಣಿಗೆಗೇ ಪೆಟ್ಟು. ಕಸ ಸುಡುವಲ್ಲಿ ನಿಲ್ಲಬೇಡಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವುದಕ್ಕಿಂತ ಸೊಳ್ಳೆ ಪರದೆ ಕಟ್ಟುವುದು ಒಳ್ಳೆಯದು.

ಈ ವಾರ ಒಂದು ಮನೆಲೆಕ್ಕ ಮಾಡಿ. ಅಜ್ಜಿಯ ಪಕ್ಕ ಕುಳಿತು ಎರಡು ಪ್ರಶ್ನೆ ಕೇಳಿ: ‘ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಇರುತ್ತಿದ್ದಿರಿ? ಎಷ್ಟು ವರ್ಷ?’ ಗುಣಿಸಿ. ಉತ್ತರ 60 ದಾಟಿದರೆ ಕಾಯಿಲೆ ಬಂದಿದೆ ಎಂದಲ್ಲ, ಒಮ್ಮೆ ಊದಿ ನೋಡಿಸಬೇಕು ಎಂದು. ಆಗ ಅಜ್ಜಿ ‘ಇದು ಪ್ರಾಯದ ಕೆಮ್ಮು ಮಗಾ’ ಎಂದರೆ ನೀವು ಲೆಕ್ಕದ ಪುಸ್ತಕ ತೋರಿಸಿ. ಗುಣಾಕಾರದಲ್ಲಿ ತಪ್ಪಿಲ್ಲದಿದ್ದರೆ ಅಜ್ಜಿ ಒಪ್ಪಲೇಬೇಕು!